ನನ್ನ ಪಾಲಿನ ಪ್ರಾರ್ಥನೆ

ನಮ್ಮ ಕಾಲೇಜು ಹಾಸ್ಟೆಲಿನ ಪ್ರಾರ್ಥನಾ ಕೂಟದ ಬಗ್ಗೆ ಈ ಸಂಚಿಕೆಯಲ್ಲಿ ಯಾರಾದರೂ ಬರೆಯಲೇಬೇಕು. ಅದರ ಋಣ ನನ್ನ ಮೇಲೆ ಜಾಸ್ತಿ ಇದೆ, ಹಾಗಾಗಿ ನಾನೇ ಬರೆಯುತ್ತೇನೆ.

ಎರಡನೇ ವರ್ಷದಲ್ಲಿದ್ದಾಗ ನನ್ನ ತಮ್ಮ ತೀರಿಕೊಂಡ. ಮನೆಯಿಂದ ಮರಳಿದ ಮೇಲೆ ನನಗೆ ಪ್ರಾರ್ಥಿಸಲು ಆಗಲೇ ಇಲ್ಲ. ದೇವರ ಮೇಲೆ ಸಿಟ್ಟಿರಲಿಲ್ಲ. ಸಿಟ್ಟು ಮಾಡಿಕೊಳ್ಳಲಿಕ್ಕಾದರೂ ಎದುರಿಗೆ ಯಾರಾದರೂ ಇರಬೇಕು, ಅಲ್ವಾ? ನನ್ನ ಎದುರಿಗೆ ಯಾರೂ ಇದ್ದಂತೆ ಅನ್ನಿಸುತ್ತಿರಲಿಲ್ಲ.

ಇನ್ನು ಕೂಟಕ್ಕೆ ಬರುವುದಿಲ್ಲ ಎಂದು ಅದನ್ನು ನಡೆಸುತ್ತಿದ್ದ ಸೀನಿಯರ್ ಅಕ್ಕನಿಗೆ ಹೇಳಿದೆ. "ಪ್ರಾರ್ಥನೆ ಮಾಡಬೇಡ. ಬಂದು ಸುಮ್ನೆ ಕೂತ್ಕೋ. ನಿನ್ನ ಪಾಲಿಂದು ನಾವು ಮಾಡ್ತೀವಿ" ಎಂದರು. ನನ್ನ ನಂಬಿಕೆ ಸಾಲದು ಎನ್ನಲಿಲ್ಲ. ಎಲ್ಲಾ ದೇವರ ಚಿತ್ತ ಎನ್ನಲೂ ಇಲ್ಲ. ಆ ಮಾತನ್ನು ಮನೆಗೆ ಬಂದವರೆಲ್ಲ ಆಗಲೇ ಹೇಳಿ ಹೋಗಿದ್ದರು. ಬೈಬಲಿನಲ್ಲಿ ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಸ್ನೇಹಿತರು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕೂತಿದ್ದರಂತೆ. ಅವರು ಅವನಿಗೆ ಮಾಡಿದ ಉಪಕಾರ ಅದೊಂದೇ ಎಂದು ನನಗನ್ನಿಸುತ್ತದೆ. ಬಾಯಿ ಬಿಟ್ಟ ಮೇಲೆ ನೋವನ್ನೇ ಕೊಟ್ಟರು.

ಒಬ್ಬಳು ನನ್ನ ನೋಟ್ಸ್ ಬರೆದುಕೊಟ್ಟಳು. ಇನ್ನೊಬ್ಬಳು ನಾನು ಊಟಕ್ಕೆ ಏಳುವವರೆಗೂ ತಾನೂ ಏಳುತ್ತಿರಲಿಲ್ಲ.

ಕೂಟದಲ್ಲಿ ಒಮ್ಮೆ ಬೈಬಲಿನ 88ನೇ ಕೀರ್ತನೆ ಓದಿದರು. ದುಃಖದ ಕೀರ್ತನೆಗಳು ಸಾಮಾನ್ಯವಾಗಿ ಕೊನೆಗೆ ಸ್ತುತಿಯ ಕಡೆ ತಿರುಗುತ್ತವೆ. ಇದು ತಿರುಗುವುದಿಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಆದರೂ ಭಕ್ತರು ಅದನ್ನು ಬಿಡದೆ ಉಳಿಸಿಕೊಂಡು ಬಂದಿದ್ದಾರೆ. ನನ್ನಂಥವರಿಗೂ ಬೈಬಲಿನಲ್ಲಿ ಜಾಗವಿದೆ ಎಂದು ಅವತ್ತು ಧೈರ್ಯ ಬಂತು. ಶಿಲುಬೆಯ ಮೇಲೆ ಯೇಸು ಕೂಗಿದ್ದೂ 22ನೇ ಕೀರ್ತನೆಯ ಮಾತನ್ನೇ: ನನ್ನ ದೇವರೇ, ಯಾಕೆ ನನ್ನ ಕೈಬಿಟ್ಟೆ?

ಮದರ್ ತೆರೇಸಾ ಅವರ ಪತ್ರಗಳು 2007ರಲ್ಲಿ ಪುಸ್ತಕವಾಗಿ ಬಂದವು. ದಶಕಗಳ ಕಾಲ ದೇವರು ಹತ್ತಿರವಿಲ್ಲ ಎಂಬ ನೋವಿನಲ್ಲೇ ಅವರು ರೋಗಿಗಳ ಸೇವೆ ಮಾಡಿದ್ದರು ಎಂದು ಆಗ ಲೋಕಕ್ಕೆ ತಿಳಿಯಿತು. ಕೆಲವರಿಗೆ ಅದು ಆಘಾತ. ನನಗೆ ಅವರ ಮೇಲಿನ ಗೌರವ ಇನ್ನೂ ಹೆಚ್ಚಾಯಿತು.

ಆದರೆ ನಮ್ಮ ಕೂಟವನ್ನು ನೆನೆದಾಗ ಮನಸ್ಸಿಗೆ ಮೊದಲು ಬರುವುದು ಮಾರ್ಕನ ಸುವಾರ್ತೆಯ ಎರಡನೇ ಅಧ್ಯಾಯ. ನಡೆಯಲಾಗದ ಒಬ್ಬನನ್ನು ನಾಲ್ವರು ಯೇಸು ಇದ್ದ ಮನೆಗೆ ಹೊತ್ತು ತರುತ್ತಾರೆ. ಜನ ತುಂಬಿದ್ದರಿಂದ ಚಾವಣಿ ಬಿಚ್ಚಿ ಹಾಸಿಗೆಯ ಸಮೇತ ಇಳಿಸುತ್ತಾರೆ. ಯೇಸು "ಅವರ ನಂಬಿಕೆಯನ್ನು ನೋಡಿ" ಮಾತಾಡಿದ ಎಂದು ಮಾರ್ಕ ಬರೆಯುತ್ತಾನೆ. ಮಲಗಿದ್ದವನು ಆ ಹೊತ್ತಿಗೆ ಏನು ನಂಬಿದ್ದ ಎಂದು ಪ್ರತ್ಯೇಕವಾಗಿ ಹೇಳುವುದೇ ಇಲ್ಲ.

ದೇವರು ಹತ್ತಿರ ಇದ್ದಾನೆ ಎಂದು ನನಗೆ ಮತ್ತೆ ಅನ್ನಿಸಿದ್ದು ಕಾಲೇಜು ಬಿಟ್ಟು ಎಷ್ಟೋ ಕಾಲವಾದ ಮೇಲೆ. ಈಗ ನಮ್ಮ ಚರ್ಚಿನ ಸಭೆಯಲ್ಲಿ ಸಾವಾದ ಮನೆಗಳಿಗೆ ಹೋಗುವ ಕೆಲಸ ನನ್ನದು. ಬೈಬಲ್ ಜೊತೆಗಿರುತ್ತದೆ, ಅವರು ಕೇಳಿದರೆ ಓದುತ್ತೇನೆ. ಅದಕ್ಕೆ ಮೊದಲು ಮನೆಯಲ್ಲಿ ಯಾವ ಕೆಲಸ ಬಾಕಿ ಇದೆ ಎಂದು ವಿಚಾರಿಸುತ್ತೇನೆ.