ಅಂಚಿನ ಹೂವು ನಿಜವಾದ ಹೂವಿನ ಹಾಗೆ ಯಾಕಿಲ್ಲ?

ನಾನು ಹೊಲಿದ ಮೇಜುಬಟ್ಟೆ ನೋಡಿದವರು ಮೊದಲು ಮೆಚ್ಚುತ್ತಾರೆ. ಆಮೇಲೆ ಸ್ವಲ್ಪ ತಡೆದು ಕೇಳುತ್ತಾರೆ: "ಹೂವೆಲ್ಲ ಚಪ್ಪಟೆಯಾಗಿವೆಯಲ್ಲ, ನಿಜವಾದ ಹೂವಿನ ಹಾಗೆ ಯಾಕೆ ಮಾಡಿಲ್ಲ?" ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲಿಷ್ ಎಂಬ್ರಾಯ್ಡರಿಯ ಜಾಡಿನಲ್ಲಿ ಅಂಚು ಹೊಲಿಯುವವರಿಗೆಲ್ಲ ಈ ಪ್ರಶ್ನೆ ಎದುರಾಗುತ್ತದೆ. ನನ್ನ ಉತ್ತರ ಇಷ್ಟೇ: ಅಂಚಿನ ಹೂವಿಗೆ ಕೆಲಸವಿದೆ. ಅದು ಬಟ್ಟೆಯ ಉದ್ದಕ್ಕೂ ಸಾಗಬೇಕು, ಅಳತೆ ತಪ್ಪದೆ ಮತ್ತೆ ಮತ್ತೆ ಬರಬೇಕು, ಮೂಲೆಯಲ್ಲಿ ತಿರುಗಬೇಕು. ಹೂದಾನಿಯಲ್ಲಿರುವ ಹೂವಿಗೆ ಇದ್ಯಾವುದೂ ಇಲ್ಲ.

ನಿಜದ ಹೂವನ್ನೇ ಬಟ್ಟೆಗೆ ಇಳಿಸುವ ಹುಚ್ಚು ಇಂಗ್ಲೆಂಡಿನಲ್ಲಿಯೂ ಜೋರಾಗಿತ್ತು. ಅದು ಬರ್ಲಿನ್ ಉಣ್ಣೆ ಕೆಲಸ. ಬರ್ಲಿನ್ ನಗರದಲ್ಲಿ ಚೌಕಳಿ ಕಾಗದದ ಮೇಲೆ ನಕ್ಷೆ ಅಚ್ಚು ಹಾಕಿ, ಕೈಯಲ್ಲಿ ಬಣ್ಣ ತುಂಬಿ ಮಾರುತ್ತಿದ್ದರು. ಕಾಗದದ ಒಂದು ಚೌಕಕ್ಕೆ ಕ್ಯಾನ್ವಾಸಿನ ಮೇಲೆ ಒಂದು ಹೊಲಿಗೆ. 1810ರಿಂದ 1840ರೊಳಗೆ ಇಂಥ 14,000 ನಕ್ಷೆಗಳು ಬಂದಿದ್ದವೆಂದು ಆ ಕಾಲದ ಹೊಲಿಗೆಯ ಕೈಪಿಡಿಯೊಂದು ಲೆಕ್ಕ ಕೊಡುತ್ತದೆ. ಗುಲಾಬಿಯ ಒಂದೊಂದು ಎಸಳಿಗೂ ನಾಲ್ಕೈದು ಛಾಯೆ. 1856ರಲ್ಲಿ ಹದಿನೆಂಟರ ಹುಡುಗ ವಿಲಿಯಂ ಪರ್ಕಿನ್ ಪ್ರಯೋಗಾಲಯದಲ್ಲಿ ನೇರಳೆ ಬಣ್ಣ ಕಂಡುಹಿಡಿದ. ಅದರ ಹಿಂದೆಯೇ ಬಂದ ಅನಿಲೀನ್ ಎಂಬ ಕೃತಕ ಬಣ್ಣಗಳಿಂದ ಉಣ್ಣೆಯ ಹೂಗಳು ಕಣ್ಣು ಕೋರೈಸುವಷ್ಟು ಗಾಢವಾದವು.

ಎಳೆ ಎಣಿಸಿ ಹೊಲಿಯುವ ಕೆಲಸದ ಮೇಲೆ ನನಗೆ ದೊಡ್ಡ ಗೌರವವಿದೆ. ಧಾರವಾಡದ ಕಸೂತಿಯೂ ಎಳೆ ಎಣಿಸಿಯೇ ಮಾಡುವಂಥದ್ದು. ಆದರೆ ಕಸೂತಿ ತನ್ನ ಚೌಕವನ್ನು ಮರೆಮಾಚುವುದಿಲ್ಲ. ನೇರ ಗೆರೆ, ಓರೆ ಗೆರೆಗಳಲ್ಲೇ ತೇರನ್ನೂ ಗೋಪುರವನ್ನೂ ಕಟ್ಟಿಬಿಡುತ್ತದೆ. ಬರ್ಲಿನ್ ಗುಲಾಬಿ ಮಾತ್ರ ಚೌಕದ ಮೇಲೆ ಕೂತು ದುಂಡಗೆ ಕಾಣಲು ಹೆಣಗುತ್ತದೆ. ಅದನ್ನೇ ಅಂಚಿನಲ್ಲಿ ಸಾಲಾಗಿ ಇಟ್ಟರೆ, ಬಿಡಿ ಬಿಡಿ ಚಿತ್ರಗಳು ಅಕ್ಕಪಕ್ಕ ನಿಂತಂತೆ ಕಾಣುತ್ತವೆಯೇ ಹೊರತು ಅಂಚಾಗುವುದಿಲ್ಲ.

ಪರ್ಕಿನ್ನನ ಬಣ್ಣ ಹುಟ್ಟಿದ ಆ 1856ರಲ್ಲಿಯೇ ವಿನ್ಯಾಸಕಾರ ಓವೆನ್ ಜೋನ್ಸ್ ಅಲಂಕಾರದ ನಿಯಮಗಳನ್ನು ಹೇಳುವ 'ದಿ ಗ್ರಾಮರ್ ಆಫ್ ಆರ್ನಮೆಂಟ್' ಎಂಬ ಪುಸ್ತಕ ಪ್ರಕಟಿಸಿದ. ಹೂಗಳನ್ನು ಇದ್ದ ಹಾಗೇ ಅಲಂಕಾರಕ್ಕೆ ಬಳಸಬಾರದು, ನೋಡಿದವರ ಮನಸ್ಸಿಗೆ ಆ ಹೂವು ಹೊಳೆಯುವಷ್ಟು ಮಾತ್ರ ರೂಪ ಕೊಡಬೇಕು ಎಂಬುದು ಅವನ ಹದಿಮೂರನೆಯ ಸೂತ್ರ. ನನಗೆ ಅದಕ್ಕಿಂತ ಹನ್ನೊಂದನೆಯದು ಹೆಚ್ಚು ಇಷ್ಟ: ಅಲಂಕಾರದ ಪ್ರತಿ ಗೆರೆಯೂ ತಾಯಿಕಾಂಡದಿಂದಲೇ ಹೊರಡಬೇಕು, ಎಷ್ಟೇ ದೂರದ ಎಲೆಯಾದರೂ ಅದರ ಕೊಂಬೆ, ಬೇರನ್ನು ಹುಡುಕಿಕೊಂಡು ಹೋಗಲು ಬರಬೇಕು. ಇದು ಪೂರ್ವದೇಶಗಳ ಪದ್ಧತಿ ಎಂದು ಅವನೇ ಬರೆದಿದ್ದಾನೆ. 1851ರ ಲಂಡನ್ನಿನ ಮಹಾಪ್ರದರ್ಶನದಲ್ಲಿ ಭಾರತದ ಬಟ್ಟೆಗಳನ್ನು ನೋಡಿ ಬೆರಗಾಗಿದ್ದವನು ಅವನು. ಆ ಪುಸ್ತಕಕ್ಕೆ ಹೂಗಳ ಒಂದು ಚಿತ್ರಪುಟ ಬರೆದುಕೊಟ್ಟ ಕ್ರಿಸ್ಟೋಫರ್ ಡ್ರೆಸರ್ ಸಸ್ಯಶಾಸ್ತ್ರ ಬಲ್ಲವನು. ಅಂದರೆ ಹೂವನ್ನು ಚಪ್ಪಟೆ ಮಾಡಿದವರಿಗೆ ಗಿಡ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಎಲೆ ಕಾಂಡದಿಂದ ಎಲ್ಲಿ ಒಡೆಯುತ್ತದೆ, ಮೊಗ್ಗು ಯಾವ ಸಂದಿಯಲ್ಲಿ ಕೂರುತ್ತದೆ ಎಂಬುದನ್ನು ನೆರಳು ಬೆಳಕು ತುಂಬಿದವರಿಗಿಂತ ಅವರೇ ಹೆಚ್ಚು ನೋಡಿದ್ದರು.

ಇನ್ನು ಮೂಲೆ. ಅಂಚಿನ ಯೋಗ್ಯತೆ ತಿಳಿಯುವುದೇ ಅಲ್ಲಿ. ಬಳ್ಳಿ ಅಲೆಯಲೆಯಾಗಿ ಸಾಗುವಾಗ ಒಂದು ಅಲೆಯ ಮೇಲೊಂದು, ಕೆಳಗೊಂದು ಹೂವು ಕೂರುತ್ತದೆ. ಈ ಜೋಡಿ 12 ಸೆಂಟಿಮೀಟರ್ ಉದ್ದವಿದ್ದು ಬಟ್ಟೆಯ ಬದಿ 90 ಇದ್ದರೆ ಏಳೂವರೆ ಸಲ ಹಿಡಿಸುತ್ತದೆ. ಜೋಡಿ ಅರ್ಧಕ್ಕೆ ಕತ್ತರಿಸಿ ಹೋಗುತ್ತದೆ. ಎರಡು ತುದಿಗೂ 9 ಸೆಂಟಿಮೀಟರಿನ ಚೌಕ ಬಿಟ್ಟುಕೊಂಡರೆ ನಡುವೆ 72 ಉಳಿದು ಆರು ಸಲ ಸರಿಯಾಗಿ ಕೂರುತ್ತದೆ. ಆ ಚೌಕಕ್ಕೆ ಬೇರೊಂದು ಹೂವು ಇಡುವುದು ಸುಲಭದ ದಾರಿ. ಬಳ್ಳಿಯನ್ನೇ ಬಳಸಿ ತಿರುಗಿಸುವುದು ಕಷ್ಟದ್ದು, ಆದರೆ ನೋಡಲು ಅದಕ್ಕೆ ಸಾಟಿಯಿಲ್ಲ. ಚಿತ್ರದ ಮೇಲೆ ಸಣ್ಣ ಕನ್ನಡಿಯೊಂದನ್ನು 45 ಡಿಗ್ರಿ ಓರೆಯಾಗಿ ನಿಲ್ಲಿಸಿ ಮೆಲ್ಲಗೆ ಸರಿಸುತ್ತ ಹೋದರೆ ಎಲ್ಲಿ ತಿರುಗಿದರೆ ಚೆಂದ ಎಂದು ಕಣ್ಣಿಗೇ ತಿಳಿಯುತ್ತದೆ. ನೆರಳು ಒಂದೇ ಕಡೆ ಬಿದ್ದಿರುವ ಹೂವನ್ನು ಹೀಗೆ ತಿರುಗಿಸಿ ನೋಡಿ: ಒಂದು ಬದಿಯಲ್ಲಿ ಬೆಳಕು ಎಡದಿಂದ, ಮತ್ತೊಂದರಲ್ಲಿ ಬಲದಿಂದ ಬರುತ್ತದೆ. ಮೇಜುಬಟ್ಟೆಯನ್ನು ನಾಲ್ಕು ಕಡೆಯಿಂದಲೂ ನೋಡುತ್ತಾರೆ; ಚಪ್ಪಟೆ ಹೂವಿಗೆ ತಲೆಕೆಳಗು ಎಂಬುದಿಲ್ಲ. ಪರದೆಯದು ಬೇರೆ ಮಾತು. ಅಲ್ಲಿ ಕೆಳಗಿನ ಅಂಚಿನ ಗಿಡ ನೆಟ್ಟಗೆ ಮೇಲಕ್ಕೆ ಬೆಳೆಯಬೇಕು.

ಹೊಲಿಗೆಯೂ ಇದಕ್ಕೆ ತಕ್ಕಂತೆ ಬದಲಾಯಿತು. 1872ರಲ್ಲಿ ಲಂಡನ್ನಿನಲ್ಲಿ ಶುರುವಾಗಿ ಮುಂದೆ ರಾಯಲ್ ಸ್ಕೂಲ್ ಆಫ್ ನೀಡಲ್‌ವರ್ಕ್ ಎಂದಾದ ಶಾಲೆ ಎಣಿಕೆಯ ಕ್ಯಾನ್ವಾಸು ಬಿಟ್ಟು ಲಿನನ್ ಮೇಲೆ ಎಳೆ ಎಣಿಸದೆ ಉಣ್ಣೆ ದಾರದಲ್ಲಿ ಹೊಲಿಯುವ ಕ್ರ್ಯೂಯಲ್ ಕೆಲಸವನ್ನು ಮತ್ತೆ ರೂಢಿಗೆ ತಂದಿತು. ಅದರಲ್ಲಿ ಕಾಂಡಕ್ಕೆ ಬಳಸುವ ಸ್ಟೆಮ್ ಸ್ಟಿಚ್ ಎಂಬ ಹೊಲಿಗೆ ಗೆರೆಯ ಜೊತೆಗೇ ಬಾಗುತ್ತದೆ, ಬಳ್ಳಿಗೆ ಅದೇ ಬೇಕು. 1885ರಲ್ಲಿ, ಇಪ್ಪತ್ಮೂರರ ವಯಸ್ಸಿಗೆ, ಮೇ ಮಾರಿಸ್ ತನ್ನ ತಂದೆ, ವಿನ್ಯಾಸಕಾರ ವಿಲಿಯಂ ಮಾರಿಸ್‌ನ ಕಂಪನಿಯಲ್ಲಿ ಎಂಬ್ರಾಯ್ಡರಿ ವಿಭಾಗ ವಹಿಸಿಕೊಂಡಳು. ಬಟ್ಟೆಯ ಮೇಲೆ ನಕ್ಷೆ ಬರೆದು, ಒಂದಿಷ್ಟು ಭಾಗ ಹೊಲಿದು ತೋರಿಸಿ, ಉಳಿದದ್ದನ್ನು ಕೊಂಡವರೇ ಮುಗಿಸಿಕೊಳ್ಳಲು ಕೊಡುವ ಪದ್ಧತಿ ಅಲ್ಲಿತ್ತು.

ಇದೆಲ್ಲದರಲ್ಲಿ ನನಗೆ ತುಂಬ ಪ್ರೀತಿಯದು ಇಂಗ್ಲೆಂಡಿನ ಲೀಕ್ ಪಟ್ಟಣದ ಕೆಲಸ. ಅಲ್ಲಿನ ಬಣ್ಣಗಾರ ಥಾಮಸ್ ವಾರ್ಡಲ್, ಬಣ್ಣ ಹಿಡಿಯಲು ಸತಾಯಿಸುವ ಭಾರತದ ಟಸರ್ ರೇಷ್ಮೆಗೆ ಬಣ್ಣ ಹಾಕುವುದನ್ನು ಪಳಗಿಸಿಕೊಂಡ. ಅವನ ಹೆಂಡತಿ ಎಲಿಜಬೆತ್ 1879ರಲ್ಲಿ ಕಟ್ಟಿದ ಲೀಕ್ ಎಂಬ್ರಾಯ್ಡರಿ ಸೊಸೈಟಿಯ ಹೆಂಗಸರು ಅಚ್ಚೊತ್ತಿದ ಟಸರ್ ಬಟ್ಟೆಯ ಗೆರೆಗಳ ಮೇಲೆ ಟಸರ್ ದಾರದಲ್ಲೇ ಹೊಲಿದರು. ಆ ಅಚ್ಚುಗಳಲ್ಲಿ ಎಷ್ಟೋ ಭಾರತದ ವಿನ್ಯಾಸಗಳೇ ಇದ್ದವು.

ಹೂಗಳ ಅರ್ಥವನ್ನೂ ಕೆಲವರು ಕೇಳುತ್ತಾರೆ. ಐವಿ ಎಂದರೆ ನಿಷ್ಠೆ ಎಂದು ಆ ಕಾಲದವರು ಹೇಳುತ್ತಿದ್ದುದು ನಿಜ. ಆದರೆ ಅಂಚುಗಳಲ್ಲಿ ಐವಿ ಅಷ್ಟೊಂದು ಕಾಣುವುದಕ್ಕೆ ಅದು ಬಳ್ಳಿ, ಎಲೆಗಳು ಆಚೆಗೊಂದು ಈಚೆಗೊಂದು ಬರುತ್ತವೆ ಎಂಬುದೇ ದೊಡ್ಡ ಕಾರಣ ಎಂದು ನನ್ನ ನಂಬಿಕೆ.

ನೀವೇ ಒಂದು ಅಂಚು ಬರೆಯುವುದಾದರೆ ಐವಿ ಹುಡುಕಬೇಕಿಲ್ಲ, ಹಿತ್ತಲಿನ ಹಾಗಲಬಳ್ಳಿ ಸಾಕು. ಪ್ರತಿ ಗೆಣ್ಣಿನಲ್ಲೂ ಒಂದು ಎಲೆ, ಅದರ ಪಕ್ಕ ಒಂದು ಕುಡಿ, ಸಂದಿಯಿಂದ ಐದೆಸಳಿನ ಹಳದಿ ಹೂವು. ಮೂಲೆಯನ್ನು ಮೊದಲು ಬರೆಯಿರಿ, ಬದಿಗಳನ್ನು ಆಮೇಲೆ. ಅಳತೆ ಕೂಡಿಬರದೆ ಎಲ್ಲಾದರೂ ಬೆರಳಗಲ ಜಾಗ ಖಾಲಿ ಉಳಿದರೆ ಹೂವನ್ನು ಹಿಗ್ಗಿಸಬೇಡಿ, ಆ ಜಾಗಕ್ಕೆ ಕುಡಿಯನ್ನು ಇನ್ನೊಂದು ಸುತ್ತು ಸುರುಳಿ ಬಿಡಿ.