ಗೇಟಿನ ಚಿಲಕಕ್ಕೆ ಎಷ್ಟು ಬೆಳಕು ಬೇಕು?

ಕಾರವಾರದಲ್ಲಿ ನಾನು ವಿದ್ಯುತ್ ಸಾಮಾನಿನ ಅಂಗಡಿ ಇಟ್ಟು ಇಪ್ಪತ್ತೆರಡು ವರ್ಷವಾಯಿತು. ದೀಪ ಮಾರಿಯೇ ಮನೆ ಕಟ್ಟಿದವನು ಬೆಳಕಿನ ಮೇಲೆ ದೂರು ಬರೆಯುವುದು ಉಂಡ ಮನೆಗೆ ಎರಡು ಬಗೆದಂತೆ ಎಂದು ಹೆಂಡತಿ ಆಗಲೇ ಹೇಳಿಯಾಗಿದೆ. ಇರಲಿ, ಬರೆಯುತ್ತೇನೆ.

ಮೂರು ವರ್ಷದ ಹಿಂದೆ ಮಾಜಾಳಿಯಲ್ಲಿ ಕಡಲಂಚಿನ ಒಂದು ಮನೆಗೆ ನಾನೇ ನಿಂತು 50 ವ್ಯಾಟಿನ ಫ್ಲಡ್ ಲೈಟ್ ಕಟ್ಟಿಸಿದೆ. ಮಾಳಿಗೆಯ ಮೂಲೆಯಲ್ಲಿ, ಮುಖ ಸಮುದ್ರದ ಕಡೆಗೆ. ಯಜಮಾನರಿಗೆ ರಾತ್ರಿಯೂ ತೆರೆ ಕಾಣಬೇಕಿತ್ತು. ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಅಲ್ಲಿಯ ಮೀನುಗಾರರೊಬ್ಬರು ಫೋನ್ ಮಾಡಿದರು. "ಹೆಗಡೆಯವರೇ, ನಿಮ್ಮ ದೀಪ ಏನು ಮಾಡಿದೆ, ಒಮ್ಮೆ ಬಂದು ನೋಡಿ."

ಹೋದೆ. ಮರಳಿನ ಮೇಲೆ ಹೊಲಿಗೆ ಯಂತ್ರ ಓಡಿಸಿದಂತೆ ಸಣ್ಣ ಸಣ್ಣ ಗೆರೆಗಳು. ಎಲ್ಲವೂ ಒಂದೇ ಗುಂಡಿಯಿಂದ ಹೊರಟಿದ್ದವು. ನಾಲ್ಕೈದು ಗೆರೆಗಳು ನೀರಿನತ್ತ ಸ್ವಲ್ಪ ದೂರ ಹೋಗಿ, ಅನುಮಾನ ಬಂದಂತೆ ಸುತ್ತು ಹಾಕಿ ಹಿಂದಕ್ಕೆ ತಿರುಗಿದ್ದವು. ಉಳಿದವು ನೇರ ಆ ಮನೆಯ ಕಾಂಪೌಂಡಿಗೆ. ಗೋಡೆಯ ಬುಡದಲ್ಲಿ ಒಂದು ಕಡಲಾಮೆಯ ಮರಿ, ನನ್ನ ಹೆಬ್ಬೆರಳಿನಷ್ಟು. ಬೆನ್ನ ಮೇಲಿನ ಮರಳು ಒಣಗಿತ್ತು, ಇರುವೆ ಮುತ್ತಿದ್ದವು. ಕಾಗೆಗಳು ಎಷ್ಟನ್ನು ಒಯ್ದಿದ್ದವೋ.

ಆಲಿವ್ ರಿಡ್ಲೆ ಕಡಲಾಮೆ ಚಳಿಗಾಲದಲ್ಲಿ ನಮ್ಮ ತೀರಕ್ಕೆ ಬಂದು, ಗೂಡಿಗೆ ನೂರರ ಆಸುಪಾಸು ಮೊಟ್ಟೆ ಇಟ್ಟು ಹೋಗುತ್ತದೆ. ಕಣ್ಣಿಗೆ ಬಿದ್ದ ಗೂಡಿಗೆ ಅರಣ್ಯ ಇಲಾಖೆಯವರು ಬಲೆ ಕಟ್ಟಿ ಕಾಯುತ್ತಾರೆ; ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. 45ರಿಂದ 60 ದಿನಗಳಲ್ಲಿ ಮರಿಗಳು, ಹೆಚ್ಚಾಗಿ ರಾತ್ರಿಯೇ, ಹೊರಗೆ ಬರುತ್ತವೆ. ತಾಯಿ ಜೊತೆಗಿರುವುದಿಲ್ಲ. ಯಾವ ದಿಕ್ಕು ಹೆಚ್ಚು ಬೆಳ್ಳಗಿದೆಯೋ ಅತ್ತ ತೆವಳುವುದೊಂದೇ ಅವಕ್ಕೆ ಗೊತ್ತು. ದೀಪವಿಲ್ಲದ ತೀರದಲ್ಲಿ ಆ ದಿಕ್ಕು ಸಮುದ್ರವೇ ಆಗಿರುತ್ತದೆ.

ಕರೆದವರು ಬೈಯಲಿಲ್ಲ. ಎಲ್‌ಇಡಿ ಹಚ್ಚಿ ಮೀನು ಸೆಳೆಯುವ ಬೆಳಕು ಮೀನುಗಾರಿಕೆಯನ್ನು ಕೇಂದ್ರ ಸರ್ಕಾರ 2017ರಲ್ಲಿ ನಿಷೇಧಿಸಿದೆಯಲ್ಲ, ಅದನ್ನೇ ಎತ್ತಿದರು. "ನೀರಿನೊಳಗೆ ಹಚ್ಚಿದರೆ ತಪ್ಪು, ದಡದಲ್ಲಿ ಹಚ್ಚಿದರೆ ಚಂದವೇ?" ನನ್ನ ಬಳಿ ಉತ್ತರವಿರಲಿಲ್ಲ.

"ಬರೀ ಐವತ್ತು ವ್ಯಾಟು" ಎಂದು ಮಾರಿದವನು ನಾನೇ. ದೀಪ ಎಷ್ಟು ಬೆಳಕು ಕೊಡುತ್ತದೆ ಎಂಬುದರ ಅಳತೆ ಲ್ಯೂಮೆನ್; ಹಳೆಯ 60 ವ್ಯಾಟಿನ ಬಲ್ಬು ಕೊಡುತ್ತಿದ್ದದ್ದು ಸುಮಾರು 700 ಲ್ಯೂಮೆನ್. ಈಗಿನ ಎಲ್‌ಇಡಿ ವ್ಯಾಟಿಗೆ ನೂರರ ಹತ್ತಿರ ಕೊಡುತ್ತದೆ. ಅಂದರೆ ಆ ಮಾಳಿಗೆಯ ಮೂಲೆಯಲ್ಲಿ ಏಳು ಬಲ್ಬುಗಳನ್ನು ಒಟ್ಟಿಗೆ ಕಟ್ಟಿದ್ದೆ. ಕರೆಂಟು ಬಿಲ್ಲಿನಲ್ಲಿ ಉಳಿದದ್ದೆಲ್ಲ ಇನ್ನೊಂದು ದೀಪವಾಗಿ ಮನೆ ಮನೆಗೂ ಬಂದಿದೆ. ಲೆಕ್ಕ ನನಗೆ ಗೊತ್ತು, ಬಿಲ್ ಬರೆದವನು ನಾನು.

ಜೊತೆಗೆ ಗಿರಾಕಿಗಳಿಗೆಲ್ಲ "ಹಾಲಿನಂಥ ಬೆಳಕು" ಬೇಕು. ಹಳದಿ ಎಂದರೆ ಬಡವರ ಮನೆಯದು! ಪೆಟ್ಟಿಗೆಯ ಮೇಲೆ 6500 ಕೆ ಎಂದಿರುವುದು ಬೆಳಕಿನ ಬಣ್ಣದ ಅಳತೆ, ಕೆಲ್ವಿನ್. ಸಂಖ್ಯೆ ಏರಿದಷ್ಟೂ ನೀಲಿ ಹೆಚ್ಚು. ನೀಲಿ ಗಾಳಿಯಲ್ಲಿ ಬಹಳ ಚದುರುತ್ತದೆ; ಹಗಲಿನ ಆಕಾಶ ನೀಲಿಯಾಗಿರುವುದೂ ಅದಕ್ಕೇ. ಹಾಗೆ ಚದುರಿದ್ದೇ ಊರ ಮೇಲೆ ಮಬ್ಬಾಗಿ ಕೂರುತ್ತದೆ. 3000 ಕೆ ಅಥವಾ ಅದಕ್ಕೂ ಕಡಿಮೆಯದಾದರೆ ಈ ಕಾಟ ಕಡಿಮೆ. ಆಮೆ ಬರುವ ತೀರಕ್ಕೆ ಅದೂ ಸಾಲದು, ಕೇಸರಿ ಬಣ್ಣದ್ದು ಬೇಕು, ಅದೂ ನೀರಿಗೆ ಕಾಣದಂತೆ.

ಅಂದೇ ಏಣಿ ಹಾಕಿ ಆ ದೀಪ ಕಳಚಿದೆ. ಯಜಮಾನರು ಸಿಟ್ಟಾದರು. "ಕಳ್ಳರು ಬಂದರೆ?" ರಾತ್ರಿ ಮತ್ತೆ ಹೋಗಿ ರಸ್ತೆಯ ಬದಿಯಲ್ಲಿ ಅದೇ ದೀಪವನ್ನು ಹಚ್ಚಿಸಿ, ಅವರನ್ನು ಎದುರಿಗೆ ನಿಲ್ಲಿಸಿದೆ. ನಾನು ದೀಪದ ಕೆಳಗಿನ ಗೋಡೆಗೆ ಒರಗಿ ನಿಂತೆ. ಕಣ್ಣು ಕುಕ್ಕಿ ಅವರಿಗೆ ನಾನು ಕಾಣಲೇ ಇಲ್ಲ. ಹತ್ತು ಹೆಜ್ಜೆಯೂ ದೂರವಿರಲಿಲ್ಲ. ಮೇಲೆ ತಗಡಿನ ಟೊಪ್ಪಿಗೆ ಇಟ್ಟು, ನೆಲಕ್ಕೆ ಮುಖ ಮಾಡಿದ 9 ವ್ಯಾಟಿನ ದೀಪವನ್ನು ಗೇಟಿಗೆ ಕಟ್ಟಿದ ಮೇಲೆ ಗೇಟಿನ ಚಿಲಕವೂ ಕಂಡಿತು, ನಾನೂ ಕಂಡೆ. ಜನ ಬಂದಾಗ ಮಾತ್ರ ಹತ್ತುವ ಸೆನ್ಸರ್ ಆಮೇಲೆ ಅವರೇ ಕೇಳಿ ಹಾಕಿಸಿಕೊಂಡರು.

ನನ್ನ ಹುಟ್ಟೂರು ಶಿರಸಿಯ ಕಡೆ. ತೆಂಗಿನ ಗರಿಯ ಸೂಡಿ ಹಿಡಿದು ಯಕ್ಷಗಾನದ ಆಟ ನೋಡಿ ಮರಳುವಾಗ, ತೋಟದ ಇಳಿಜಾರಿಗೆ ಬಂದೊಡನೆ ಅಪ್ಪ ಸೂಡಿಯನ್ನು ನೆಲಕ್ಕೆ ಬಡಿದು ನಂದಿಸುತ್ತಿದ್ದರು. "ಈಗ ದಾರಿ ಕಾಣುತ್ತದೆ ನೋಡು" ಎನ್ನುತ್ತಿದ್ದರು. ಮೊದಲು ಏನೂ ಕಾಣುತ್ತಿರಲಿಲ್ಲ. ಸ್ವಲ್ಪ ನಿಂತರೆ ಕಾಲುಸಂಕ, ಅಡಕೆ ಮರದ ಸಾಲು, ಮೇಲೆ ಕೃತ್ತಿಕೆಯ ಗೊಂಚಲು ಒಂದೊಂದಾಗಿ ಬರುತ್ತಿದ್ದವು. ಕಾರವಾರದ ನಮ್ಮ ಓಣಿಯಲ್ಲಿ ಕೃತ್ತಿಕೆ ಕಾಣಬೇಕಾದರೆ ಕರೆಂಟು ಹೋಗಬೇಕು. ಹಾಗೆ ಹೋದ ರಾತ್ರಿ ಬೈಯದೆ ಮಾಳಿಗೆ ಹತ್ತುವವನು ಓಣಿಯಲ್ಲಿ ನಾನೊಬ್ಬನೇ.

ಲಡಾಖಿನ ಹಾನ್ಲೆಯಲ್ಲಿ 2022ರಲ್ಲಿ ಕತ್ತಲ ಆಕಾಶಕ್ಕೆಂದೇ ಸಂರಕ್ಷಿತ ಪ್ರದೇಶ ಮಾಡಿದ್ದಾರೆ. ಅಲ್ಲಿ ದೊಡ್ಡ ದೂರದರ್ಶಕವಿದೆ, ಜನ ಕಡಿಮೆ. ನಮ್ಮಲ್ಲಿ ಬಂದರು, ಹೆದ್ದಾರಿ, ಪ್ರವಾಸಿಗರು ಎಲ್ಲ ಇದ್ದಾರೆ. ಅಷ್ಟನ್ನು ನಾನು ಕೇಳುವುದಿಲ್ಲ. ಬೀದಿದೀಪ ಬೀದಿಯನ್ನು ಬೆಳಗಲಿ, ತೆಂಗಿನ ಮರದ ತಲೆಯನ್ನಲ್ಲ.

ಅಂಗಡಿಯ ಅಟ್ಟದಲ್ಲಿ ಇನ್ನೂ ಹನ್ನೊಂದು ಫ್ಲಡ್ ಲೈಟ್ ಉಳಿದಿವೆ, ಎಲ್ಲವೂ 6500 ಕೆ. ಹಾಕಿದ ದುಡ್ಡು, ಎಸೆಯಲಾರೆ. ಬೇಕಾದವರು ಬನ್ನಿ. ಯಾವ ಕಡೆ ಮುಖ ಮಾಡಿ ಕಟ್ಟುತ್ತೀರಿ ಎಂದು ಕೇಳದೆ ಮಾತ್ರ ಕೊಡುವುದಿಲ್ಲ.