ಜಾರುಬಂಡೆಯ ಬೆಟ್ಟ, ಅಕ್ರೋಟಿನ ಕಾಡು

ಕಿರ್ಗಿಸ್ತಾನಕ್ಕೆ ಹೋಗ್ತೀನಿ ಅಂದಾಗ ಮನೆಯಲ್ಲಿ ಎಲ್ಲರೂ ಕೇಳಿದ್ದು ಒಂದೇ, ಅಲ್ಲಿ ಏನಿದೆ ಅಂತ. ನಿಜ ಹೇಳಬೇಕೆಂದರೆ ನನಗೂ ಗೊತ್ತಿರಲಿಲ್ಲ. ಅಕ್ಕನ ಮಗ ಓಶ್ ಊರಲ್ಲಿ ಎಂಬಿಬಿಎಸ್ ಓದುತ್ತಿದ್ದಾನೆ. ಅವನಿಗೆ ಚಟ್ನಿಪುಡಿ, ಮಿಡಿ ಉಪ್ಪಿನಕಾಯಿ ತಲುಪಿಸುವುದು ಒಂದು ನೆಪ ಅಷ್ಟೆ. ಅವನ ಹಾಸ್ಟೆಲಿನಲ್ಲಿ ಕನ್ನಡದ ಹುಡುಗರು ಸಾಕಷ್ಟು ಇದ್ದಾರೆ, ಹಾಗಾಗಿ ನಾನು ಹೊತ್ತುಕೊಂಡು ಹೋದ ಎರಡು ಕೆಜಿ ಮಿಡಿ ಎರಡೇ ದಿನಕ್ಕೆ ಖಾಲಿ.

ದೆಹಲಿಯಿಂದ ಬಿಷ್ಕೆಕ್‌ಗೆ ವಿಮಾನ. ಅಲ್ಲಿಂದ ಓಶ್‌ಗೂ ವಿಮಾನ ಇದೆ, ಮುಕ್ಕಾಲು ಗಂಟೆಯ ದಾರಿ. ಆದರೆ ನಾನು ಬುದ್ಧಿವಂತೆ ಅಲ್ವಾ, ಬೆಟ್ಟ ನೋಡಿಕೊಂಡು ಹೋಗೋಣ ಅಂತ ಶೇರ್ ಟ್ಯಾಕ್ಸಿ ಹತ್ತಿದೆ. 600 ಕಿ.ಮೀ.ಗೂ ಜಾಸ್ತಿ, 3,000 ಮೀಟರ್ ಮೀರಿದ ಎರಡು ಘಾಟಿ. ಮುಂದಿನ ಸೀಟು ಕೊಡ್ತೀನಿ ಅಂತ ದುಡ್ಡು ಇಸಿದುಕೊಂಡ ಡ್ರೈವರ್ ಕೊನೆಗೆ ಹಿಂದೆ ಇಬ್ಬರ ಮಧ್ಯೆ ಕೂರಿಸಿದ, ಮಡಿಲಲ್ಲಿ ಯಾರದ್ದೋ ಕಲ್ಲಂಗಡಿ ಬೇರೆ. ಹನ್ನೆರಡು ಗಂಟೆ ಆದಮೇಲೆ ಇಳಿದಾಗ ಸೊಂಟ ನನ್ನದಾಗಿರಲಿಲ್ಲ. ಈ ಸೊಂಟದ ವಿಷಯ ಮುಂದೆ ಬರುತ್ತದೆ.

ಓಶ್ ಊರಿನ ನಟ್ಟನಡುವೆ ಒಂದು ಬೋಳು ಕಲ್ಲುಬೆಟ್ಟ ಇದೆ. ಹೆಸರು ಸುಲೈಮಾನ್-ತೂ. ತೂ ಅಂದರೆ ಬೆಟ್ಟ. ಸುತ್ತ ಮನೆ, ಮಾರುಕಟ್ಟೆ, ಟ್ರಾಫಿಕ್ಕು, ಮಧ್ಯೆ ಐದು ಶಿಖರದ ಈ ಬೆಟ್ಟ. 2009ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿತು, ಈ ದೇಶದಿಂದ ಸೇರಿದ ಮೊದಲ ಜಾಗ ಇದೇ. ಬಂಡೆಗಳ ಮೇಲೆ ಹಳೇ ಕಾಲದವರು ಕೆತ್ತಿದ ಮನುಷ್ಯರ, ಪ್ರಾಣಿಗಳ ಚಿತ್ರಗಳಿವೆ. 101 ಕಡೆ ಸಿಕ್ಕಿವೆಯಂತೆ. ನನ್ನ ಕಣ್ಣಿಗೆ ಬಿದ್ದದ್ದು ಮೂರೋ ನಾಲ್ಕೋ. ಅದರಲ್ಲೂ ಒಂದು ಗೀರು ನಿಜಕ್ಕೂ ಹಳೆಯದೋ, ಯಾರೋ ಪ್ರೇಮಿಯ ಕೆಲಸವೋ ತಿಳಿಯಲಿಲ್ಲ.

ಸೋವಿಯತ್ ಕಾಲದಲ್ಲಿ ಇದೇ ಬೆಟ್ಟದ ಗುಹೆಯೊಳಗೆ ಒಂದು ಮ್ಯೂಸಿಯಂ ಮಾಡಿ, ಬಾಯಿಗೆ ಕಾಂಕ್ರೀಟು ಗಾಜು ಜೋಡಿಸಿದ್ದಾರೆ. ಬೆಟ್ಟಕ್ಕೆ ಕಟ್ಟಿಸಿದ ಹಲ್ಲಿನ ಸೆಟ್ಟಿನ ಥರ ಕಾಣುತ್ತದೆ. ಒಳಗೆ ಹತ್ತು ನಿಮಿಷ ಇದ್ದು ಬಂದೆವು.

ಮಜಾ ಇರುವುದು ಹೊರಗೆ. ಹದಿನೇಳು ಜಾಗಗಳಲ್ಲಿ ಜನ ಇವತ್ತಿಗೂ ಬಂದು ಹರಕೆ ಹೊರುತ್ತಾರೆ. ಇಸ್ಲಾಂ ಬರುವುದಕ್ಕೂ ಮೊದಲಿನ ನಂಬಿಕೆ, ಆಮೇಲಿನ ನಂಬಿಕೆ ಎರಡೂ ಕಲೆತುಹೋಗಿವೆ. ಒಂದು ಬಿಲಕ್ಕೆ ಕೈ ಹಾಕುವುದು, ಇನ್ನೊಂದರಲ್ಲಿ ತಲೆ ತೂರಿಸುವುದು, ತಲೆನೋವು ಹೋಗಲಿ, ಮಕ್ಕಳಾಗಲಿ ಅಂತ. ಎಲ್ಲಕ್ಕಿಂತ ಜನ ಜಾಸ್ತಿ ಇದ್ದದ್ದು ಒಂದು ಜಾರುವ ಬಂಡೆಯ ಹತ್ತಿರ. ಇಳಿಜಾರಾದ ಕಲ್ಲು, ಮಧ್ಯದಲ್ಲಿ ಒಂದು ಆಳು ಅಗಲದ ತೋಡು, ಆ ತೋಡು ಮಾತ್ರ ಗಾಜಿನಂತೆ ನುಣುಪು. ಅಕ್ಕಪಕ್ಕದ ಕಲ್ಲು ಮುಟ್ಟಿದರೆ ಒರಟು, ನಡುವೆ ಬೆರಳು ಇಟ್ಟರೆ ನಿಲ್ಲುವುದೇ ಇಲ್ಲ. ಯಾವ ಉಳಿಯೂ ಮುಟ್ಟಿಲ್ಲ. ಬರೀ ಬೆನ್ನುಗಳು ಜಾರಿ ಜಾರಿ ಸವೆಸಿದ್ದು.

ತಲೆಗೆ ಹೂವಿನ ಸ್ಕಾರ್ಫ್ ಕಟ್ಟಿದ ಒಬ್ಬ ಆಪಾ (ಅಲ್ಲಿ ವಯಸ್ಸಾದ ಹೆಂಗಸರನ್ನು ಹಾಗೇ ಕರೆಯುತ್ತಾರೆ) ಮೊಮ್ಮಕ್ಕಳ ಜೊತೆ ಜಾರಿ ಬಂದು, ನಾನು ಸೊಂಟ ಹಿಡಿದು ನಿಂತಿದ್ದನ್ನು ನೋಡಿ ಕೈ ಹಿಡಿದು ಎಳೆದೇಬಿಟ್ಟರು. ಮೂರು ಅಂತ ಬೆರಳು ತೋರಿಸಿದರು. ಅಕ್ಕನ ಮಗ ಮೊಬೈಲ್ ತೆಗೆದು, "ಜಾರು ಚಿಕ್ಕಮ್ಮ, ಅಮ್ಮನಿಗೆ ಕಳಿಸ್ತೀನಿ" ಅಂದ. ಜಾರಿದೆ. ಎರಡನೇ ಸಲಕ್ಕೆ ಕಾಲು ಮೇಲೆ ಹೋಗಿ ಚಪ್ಪಲಿ ಹಾರಿತು, ಸುತ್ತ ಇದ್ದವರೆಲ್ಲ ನಕ್ಕರು. ಸೊಂಟನೋವು ಹೋಯ್ತಾ ಅಂತ ಕೇಳಬೇಡಿ. ನಗು ಬಂದು ಮರೆತದ್ದು ನಿಜ.

ಆ ಬಂಡೆಯಿಂದ ಸ್ವಲ್ಪ ದೂರದಲ್ಲೇ ಒಂದು ಪುಟ್ಟ ಕಟ್ಟಡ, ಬಾಬರನ ಮನೆ. ಹೌದು, ನಮ್ಮ ಪಾಠದ ಪುಸ್ತಕದ ಅದೇ ಬಾಬರ್. ಅವನು ಹುಟ್ಟಿದ್ದು 1483ರಲ್ಲಿ, ಇಲ್ಲಿಂದ ಹತ್ತಿರದ ಆಂದಿಜಾನ್‌ನಲ್ಲಿ, ಅದು ಈಗ ಗಡಿಯಾಚೆ ಉಜ್ಬೇಕಿಸ್ತಾನದಲ್ಲಿದೆ. ಹದಿಹರೆಯದಲ್ಲಿ ಈ ಬೆಟ್ಟದ ಮೇಲೆ ಒಂದು ಕೋಣೆ ಕಟ್ಟಿಸಿಕೊಂಡಿದ್ದನ್ನು ತನ್ನ ಆತ್ಮಕಥೆಯಲ್ಲಿ ತಾನೇ ಬರೆದಿದ್ದಾನೆ. ಈಗಿರುವುದು ಮೂಲದ್ದಲ್ಲ, ಸೋವಿಯತ್ ಕಾಲದಲ್ಲಿ ಹಾಳಾದಮೇಲೆ ಮತ್ತೆ ಕಟ್ಟಿದ್ದು. ಹಿಂದೂಸ್ತಾನಕ್ಕೆ ಬಂದ ಮೇಲೆ ಅದೇ ಬಾಬರ್, ಇಲ್ಲಿನ ಹಿಂದೂ ರಾಜರಲ್ಲಿ ನಾಡಿನಿಂದಲೂ ಸೈನ್ಯದಿಂದಲೂ ದೊಡ್ಡವನು ವಿಜಯನಗರದ ರಾಜ ಅಂತ ಬರೆದ. ಆಗ ಹಂಪಿಯಲ್ಲಿ ಆಳುತ್ತಿದ್ದದ್ದು ಕೃಷ್ಣದೇವರಾಯ. ಈ ಮಾತನ್ನು ಆ ಕಟ್ಟೆಯ ಮೇಲೆ ಕೂತು ಹುಡುಗನಿಗೆ ಹೇಳಿದೆ. ಅವನಿಗೆ ಮರುವಾರ ಅನಾಟಮಿ ಪರೀಕ್ಷೆ, ಹೂಂ ಅಂದ.

ಮಾರನೇ ದಿನ ಓಶ್ ಹತ್ತಿರದ ಉಜ್ಗೆನ್ ಊರು. 11ನೇ ಶತಮಾನದ ಮಿನಾರು, ಪಕ್ಕದಲ್ಲೇ ಆಗ ಈ ಸೀಮೆ ಆಳುತ್ತಿದ್ದ ಕರಾಖಾನಿದ್ ವಂಶದ ದೊರೆಗಳ ಮೂರು ಗೋರಿಮನೆ, ಸುಟ್ಟ ಇಟ್ಟಿಗೆಯಲ್ಲಿ ಜಾಲರಿಯಂಥ ಕೆತ್ತನೆ. ಚೆನ್ನಾಗಿದೆ. ಅಲ್ಲಿನ ಕೆಂಪು ಅಕ್ಕಿ ಇನ್ನೂ ಚೆನ್ನಾಗಿದೆ, ಆದರೆ ಅದರಲ್ಲಿ ಮಾಡುವ ಪಲಾವಿನಲ್ಲಿ ಕುರಿ ಇಲ್ಲದೆ ಏನೂ ಆಗುವುದಿಲ್ಲ. "ಬೆಜ್ ಮ್ಯಾಸಾ", ಅಂದರೆ ಮಾಂಸ ಬೇಡ, ಅಂತ ರಷ್ಯನ್‌ನಲ್ಲಿ ಹೇಳಲು ಕಲಿತಿದ್ದೆ. ಹೋಟೆಲಿನವರು ತಲೆಯಾಡಿಸಿ, ತುಂಡುಗಳನ್ನು ಆರಿಸಿ ತೆಗೆದು, ಅದೇ ಪಲಾವು ತಂದಿಟ್ಟರು. ಆವತ್ತು ರೊಟ್ಟಿ, ಟೊಮೆಟೊ, ಹಾಲಿಲ್ಲದ ಚಹಾ.

ಅಲ್ಲಿಂದ ಜಲಾಲ್-ಅಬಾದ್ ಕಡೆ ಹೋಗಿ, ಮರ್ಶ್ರುತ್ಕಾ ಎಂಬ ಮಿನಿಬಸ್ಸು ಬದಲಿಸಿ ಅರ್ಸ್ಲಾನ್‌ಬಾಬ್ ಹಳ್ಳಿ ತಲುಪಿದೆವು. ಹಳ್ಳಿಯ ಮೇಲಕ್ಕೆ ಹಬ್ಬಿರುವುದು ಜಗತ್ತಿನ ಅತಿ ದೊಡ್ಡ ಸಹಜ ಅಕ್ರೋಟು ಕಾಡು. ಇಲ್ಲಿಯ ಕಾಯನ್ನು ಅಲೆಕ್ಸಾಂಡರ್ ಗ್ರೀಸಿಗೆ ಒಯ್ದ ಅಂತ ಊರವರ ಕತೆ. ರಷ್ಯನ್ನರು ಅಕ್ರೋಟಿಗೆ ಗ್ರೀಕ್ ಕಾಯಿ ಅನ್ನುವುದೇ ಅದಕ್ಕೆ ಸಾಕ್ಷಿಯಂತೆ. ಸಾಕ್ಷಿ ಗಟ್ಟಿಯಿಲ್ಲ, ಕತೆ ಚೆನ್ನಾಗಿದೆ. ತಮಾಷೆ ಅಂದರೆ, 2016ರಲ್ಲಿ ಪಶ್ಚಿಮ ತಿಯೆನ್ ಶಾನ್ ಎಂಬ ಪರ್ವತಸಾಲಿನ ಹೆಸರಲ್ಲಿ ಪರಂಪರೆ ಪಟ್ಟಿಗೆ ಸೇರಿದ್ದು ಇದೇ ಸೀಮೆಯ ಸಾರಿ-ಚೆಲೆಕ್ ಮೀಸಲು ಕಾಡು, ಅರ್ಸ್ಲಾನ್‌ಬಾಬ್ ಅಲ್ಲ.

ನಾವು ಹೋದದ್ದು ಸೆಪ್ಟೆಂಬರ್ ಕೊನೆಗೆ, ಸರಿಯಾಗಿ ಕೊಯ್ಲಿನ ಹೊತ್ತಿಗೆ. ಕಾಡು ಸರ್ಕಾರದ್ದು. ಮನೆಗೊಂದು ಭಾಗ ಗುತ್ತಿಗೆಗೆ ಸಿಗುತ್ತದೆ. ಅಡಿಕೆ ತೋಟಕ್ಕೆ ಸೊಪ್ಪಿನ ಬೆಟ್ಟ ಇಟ್ಟುಕೊಂಡ ಮಲೆನಾಡಿನವರ ಮನೆಯಲ್ಲಿ ಬೆಳೆದ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಇಡೀ ಸಂಸಾರ ಟೆಂಟು, ಪಾತ್ರೆ, ಕತ್ತೆ ಸಮೇತ ಕಾಡಿಗೇ ಬಂದು ವಾರಗಟ್ಟಲೆ ಇರುತ್ತದೆ. ಹುಡುಗರು ಮರ ಹತ್ತಿ ಕೊಂಬೆ ಅಲ್ಲಾಡಿಸುತ್ತಾರೆ, ಕಾಯಿ ದಬದಬ ಬೀಳುತ್ತದೆ, ಕೆಳಗೆ ಹೆಂಗಸರು ಮಕ್ಕಳು ಎಲೆ ಕೆದರಿ ಆರಿಸುತ್ತಾರೆ. ಕೆಳಗೆ ನಿಂತವರು ಮೇಲೆ ನೋಡಬಾರದು. ನಾನು ನೋಡಿದೆ, ಹಣೆಗೆ ಒಂದು ಬಿತ್ತು.

ನಾವು ಉಳಿದ ಮನೆಯ ಯಜಮಾನ ಹೇಳಿದ್ದು: ವಸಂತದಲ್ಲಿ ಹೂ ಬಿಡುವಾಗ ಹಿಮ ಬಿದ್ದರೆ ಆ ವರ್ಷ ಕಾಯೇ ಇಲ್ಲ. ಅದಕ್ಕಿಂತ ಅವರಿಗೆ ಚಿಂತೆ ಹಸುಕುರಿಗಳದ್ದು. ಬಿದ್ದ ಕಾಯನ್ನೆಲ್ಲ ನಾವು ಆರಿಸುತ್ತೇವೆ, ತಪ್ಪಿ ಮೊಳೆತದ್ದನ್ನು ದನ ತಿನ್ನುತ್ತದೆ ಅಂದರು. ಹೊರಗೆ ಬಂದು ನೋಡಿದೆ. ಹೌದು, ಕಾಡಿನ ತುಂಬ ಅಜ್ಜ ಅಜ್ಜಿ ಮರಗಳೇ, ಮಂಡಿಯೆತ್ತರದ ಒಂದು ಸಸಿ ಹುಡುಕಲು ಅರ್ಧ ಗಂಟೆ ಬೇಕಾಯಿತು. ಅದರ ಸುತ್ತ ಯಾರೋ ಮುಳ್ಳು ಒಟ್ಟಿದ್ದರು.

ಮಧ್ಯಾಹ್ನವೆಲ್ಲ ಆ ಮನೆಯವರ ಜೊತೆ ಕೂತು ಕಾಯಿ ಸುಲಿದೆ. ಹಸಿರು ಸಿಪ್ಪೆ ಉಗುರಿನಿಂದ ಬಿಡಿಸಿದರೆ ನೀರಿನಂಥ ರಸ ಬರುತ್ತದೆ, ಆಗ ಏನೂ ಕಾಣುವುದಿಲ್ಲ. ಸಂಜೆ ಹೊತ್ತಿಗೆ ಹಳದಿ, ರಾತ್ರಿಗೆ ಕಂದು, ಬೆಳಿಗ್ಗೆ ಎದ್ದರೆ ಕಡುಗಪ್ಪು. ಹಸಿ ಕಾಯಿಯ ತಿರುಳಿನ ತೆಳು ಪೊರೆ ಸುಲಿದು ತಿಂದರೆ ಎಳೆ ಕೊಬ್ಬರಿಯಂಥ ರುಚಿ, ಪೊರೆ ಬಿಟ್ಟರೆ ಒಗರು. ಮನೆಯ ಸೊಸೆ ನನಗೆ ಕೈಗವಸು ಕೊಡಲು ಬಂದಿದ್ದಳು, ನಾನೇ ಜಂಬದಿಂದ ಬೇಡ ಅಂದಿದ್ದೆ.

ಸೋಪು, ನಿಂಬೆ, ಸೀಮೆಎಣ್ಣೆ ಯಾವುದಕ್ಕೂ ಬಣ್ಣ ಬಗ್ಗಲಿಲ್ಲ. ಊರಿಗೆ ಬಂದು ಎರಡು ಕೆಜಿ ಅಕ್ರೋಟು ಅಮ್ಮನ ಮುಂದೆ ಇಟ್ಟೆ. ಅಮ್ಮ ಅಕ್ರೋಟು ನೋಡಲೇ ಇಲ್ಲ, ನನ್ನ ಬೆರಳು ಹಿಡಿದು ತಿರುಗಿಸಿ, "ಅಷ್ಟು ದೂರ ಹೋಗಿ ಯಾರ ಮನೆ ಅಡಿಕೆ ಸುಲಿದೆ?" ಅಂದರು.